ರೊಟ್ಟಿಯಿಲ್ಲದ ಹದಿನಾಲ್ಕು ದಿನಗಳು

ಕಳೆದ ವರ್ಷ ಭಾದ್ರಪದ ಮಾಸದಲ್ಲಿ, ಗಣೇಶ ಚೌತಿ ಮುಗಿದ ನಾಲ್ಕಾರು ದಿನಗಳಿಗೆ, ನಾವು ಭೀಮರಾಯನಗುಡಿಯಲ್ಲಿರುವ ನಮ್ಮ ನೆಂಟರ ಮನೆಗೆ ಹೋಗಿದ್ದೆವು. ಶಹಾಪುರದ ಸಮೀಪದ ಈ ಊರು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವ ಸ್ಥಳವೆಂದು ವಾಚಕರಲ್ಲಿ ಹಲವರಿಗೆ ತಿಳಿದಿದ್ದೀತು. ಹೊಸ್ತಿಲಲ್ಲಿ ಕಾಲಿಡುವಾಗಲೇ ಒಳಗಿನಿಂದ ಹೂರಣದ ಪರಿಮಳವು ಬಂದಿತು. ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಹೆಂಗಸರು ಕುಳಿತಿದ್ದರು. ಒಬ್ಬರು ಕರಚಿಕಾಯಿಯ ಡಬ್ಬಿ ತಂದಿದ್ದರು, ಇನ್ನೊಬ್ಬರು ಶೇಂಗಾ ಹೋಳಿಗೆ ತಂದಿದ್ದರು. ಸೀಮಂತವೋ ಏನೋ ಎಂದು ನಾವು ಭ್ರಮಿಸಿದೆವು. ವಿಚಾರಿಸಿದಾಗ ತಿಳಿದದ್ದೇ ಬೇರೆ. ಮನೆಯ ಸೊಸೆಗೆ ಮಹಾಲಯ ಅಮಾವಾಸ್ಯೆ ಕಳೆದೊಡನೆ ಹೈದರಾಬಾದಿನಲ್ಲಿ ಬೊಜ್ಜಿನ ಶಸ್ತ್ರಕ್ರಿಯೆಯು ಗೊತ್ತಾಗಿದ್ದಿತು. ಬಂಧುಗಳೆಲ್ಲ ಆಕೆಗೆ ಉಣಿಸಿ ಹೋಗಲು ಬಂದಿದ್ದರು.

“ಇನ್ನ ಮ್ಯಾಲ ಉಣ್ಲಾಕ ಬರಂಗಿಲ್ಲಂತ. ಈಗರ ಹೊಟ್ಟಿತುಂಬ ಉಣ್ಲಿ ಬಿಡ್ರಿ” ಎಂದು ಒಬ್ಬ ಮುದುಕಿಯು ಕಣ್ಣೊರಸಿಕೊಂಡು ನುಡಿದಳು.

ಈ ಮಾತಿನಲ್ಲಿ ಇದ್ದದ್ದು ಶುದ್ಧವಾದ ಅಕ್ಕರೆಯೇ ಹೊರತು ಮತ್ತೇನೂ ಅಲ್ಲ. ಊಟದ ಮೂಲಕವೇ ಪ್ರೀತಿಯನ್ನು ತೋರಿಸುವುದು ನಮ್ಮ ಮನೆಗಳ ಬಹುಕಾಲದ ರೂಢಿ. ಆದರೂ ಆ ದಿನಗಳಲ್ಲಿ ಆ ಸೊಸೆಗೆ ಅದಕ್ಕಿಂತ ಹೆಚ್ಚು ಅಹಿತವಾದ ಉಪಚಾರವನ್ನು ಮಾಡುವುದು ಸಾಧ್ಯವಿರಲಿಲ್ಲ. ಅದು ಏಕೆಂಬುದನ್ನು ಆ ಮನೆಯವರು ಮುಂದಿನ ಎರಡು ವಾರಗಳಲ್ಲಿ ಕಷ್ಟಪಟ್ಟು ಕಲಿತರು. ಇಂತಹ ಶಸ್ತ್ರಕ್ರಿಯೆಗೆ ಹೋಗುವವರು ಈಗ ದೊಡ್ಡ ಪಟ್ಟಣಗಳಲ್ಲಿ ಮಾತ್ರವಲ್ಲದೆ ನಮ್ಮ ಯಾದಗಿರಿ ಸೀಮೆಯ ಊರುಗಳಲ್ಲಿಯೂ ಇರುವುದರಿಂದ, ಅವರು ಕಲಿತುದನ್ನು ಇಲ್ಲಿ ಬರೆಯುವುದು ಯುಕ್ತವೆಂದು ನಮಗೆ ತೋರಿತು.

ಸೊಸೆಗೆ ನಲವತ್ತಾರು ವಯಸ್ಸು. ಎತ್ತರವು ಐದು ಅಡಿ, ತೂಕವು 98 ಕಿಲೊ. ಒಂಬತ್ತು ವರ್ಷಗಳಿಂದ ಸಕ್ಕರೆ ರೋಗ. ರಾತ್ರಿ ಮಲಗಿದಾಗ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದಿತು. ಮೊಣಕಾಲುಗಳು ಮೆಟ್ಟಿಲನ್ನು ಕಂಡರೆ ಹೆದರುತ್ತಿದ್ದವು. ವೈದ್ಯರು ದೇಹದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಒಂದು ಅಂಕಿಯನ್ನು ತೆಗೆಯುವರಷ್ಟೆ. ಆ ಅಂಕಿಯು ಈಕೆಗೆ 42 ಬಂದಿತ್ತು. ನಮ್ಮ ದೇಶದವರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ರೋಗವೂ ಹೃದಯದ ಬೇನೆಯೂ ಬರುವುದರಿಂದ, ಪಾಶ್ಚಾತ್ಯರಿಗಿಂತ ಕೆಳಗಿನ ಮಿತಿಯನ್ನು ಇಲ್ಲಿ ಹಿಡಿಯುವರು. ಅಂಕಿಯು 37.5 ದಾಟಿದರೆ, ಅಥವಾ ಸಕ್ಕರೆ ರೋಗದಂತಹ ಉಪದ್ರವಗಳಿದ್ದು 32.5 ದಾಟಿದರೆ, ಶಸ್ತ್ರಕ್ರಿಯೆಯನ್ನು ಆಲೋಚಿಸಬಹುದೆಂಬುದು ಭಾರತದ ವೈದ್ಯರು ಬಹುಕಾಲ ಅನುಸರಿಸಿದ ನಿಯಮ. 2022ರಲ್ಲಿ ಅಂತರರಾಷ್ಟ್ರೀಯ ವೈದ್ಯಸಂಘಗಳು ಏಷ್ಯದವರಿಗೆ ಈ ಮಿತಿಯನ್ನು ಇನ್ನೂ ಕೆಳಗಿಳಿಸಿದವು. ಆದರೆ ಅಂಕಿಯೊಂದನ್ನೇ ನೋಡಿ ಯಾರೂ ಕತ್ತಿಯ ಕೆಳಗೆ ಮಲಗತಕ್ಕದ್ದಲ್ಲ. ಇದು ಬೇರೆ ಉಪಾಯಗಳು ಸೋತ ಮೇಲೆ, ತಜ್ಞರು ಪರೀಕ್ಷಿಸಿ ಹೇಳಿದ ಮೇಲೆ, ಕೈಗೊಳ್ಳುವ ಕಾರ್ಯ.

ಶಸ್ತ್ರಕ್ರಿಯೆಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. ಇದರ ಆರಂಭವನ್ನು 1954ರಲ್ಲಿ ಅಮೇರಿಕದ ಮಿನ್ನೆಸೋಟದ ವೈದ್ಯರು ಮಾಡಿದರು. ಆಗ ಕರುಳಿನ ಬಹುಭಾಗವನ್ನು ಬಿಟ್ಟು ಅಡ್ಡದಾರಿ ಜೋಡಿಸುತ್ತಿದ್ದರು, ಅದರಿಂದ ಕೇಡೂ ಬಹಳವಾಯಿತು. ಅಯೋವದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1966ರಲ್ಲಿ ಜಠರವನ್ನೇ ಕಿರಿದುಮಾಡುವ ಮಾರ್ಗವನ್ನು ಹಿಡಿದರು. ಈಗ ಹೆಚ್ಚಾಗಿ ನಡೆಯುವುದು ಎರಡು ವಿಧ. ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು ಉಳಿದುದನ್ನು ಬಾಳೆಕಾಯಿಯಾಕಾರದ ಸಣ್ಣ ಕೊಳವೆಯನ್ನಾಗಿ ಮಾಡುವುದು ಒಂದು. ಜಠರದ ಮೇಲ್ತುದಿಯಲ್ಲಿ ಒಂದು ಚಿಕ್ಕ ಚೀಲವನ್ನು ಮಾಡಿ ಅದನ್ನು ನೇರವಾಗಿ ಕರುಳಿಗೆ ಜೋಡಿಸುವುದು ಮತ್ತೊಂದು. ಈಗ ಹೊಟ್ಟೆಯನ್ನು ಉದ್ದಕ್ಕೆ ಸೀಳುವುದಿಲ್ಲ. ನಾಲ್ಕೈದು ಸಣ್ಣ ರಂಧ್ರಗಳಿಂದ ದೀಪವನ್ನೂ ಕ್ಯಾಮೆರಾವನ್ನೂ ಉಪಕರಣಗಳನ್ನೂ ಇಳಿಸಿ, ಪರದೆಯ ಮೇಲೆ ನೋಡುತ್ತ ಕೆಲಸ ಮಾಡುವರು.

ಇಲ್ಲಿಯೇ ಪಥ್ಯದ ಮಾತು ಬರುವುದು. ನಮ್ಮ ದೇಹದಲ್ಲಿ ಜಠರವು ಎಡಗಡೆ ಇದೆ. ಅದರ ಮೇಲುಭಾಗವನ್ನು ಯಕೃತ್ತಿನ ಎಡದ ಹಾಲೆಯು ಕೊಡೆಯಂತೆ ಮುಚ್ಚಿಕೊಂಡಿದೆ. ಜಠರವನ್ನು ಮುಟ್ಟಬೇಕಾದರೆ ಶಸ್ತ್ರವೈದ್ಯನು ಮೊದಲು ಈ ಹಾಲೆಯನ್ನು ಒಂದು ಉಪಕರಣದಿಂದ ಮೇಲಕ್ಕೆತ್ತಿ ಹಿಡಿಯಬೇಕು. ಸಾಧಾರಣ ದೇಹದಲ್ಲಿ ಯಕೃತ್ತು ಸುಮಾರು ಒಂದೂವರೆ ಕಿಲೊ ತೂಗುವ, ಮೆತ್ತಗಿದ್ದರೂ ಬಾಗಬಲ್ಲ ಅಂಗ. ಬಹಳ ಸ್ಥೂಲವಾದವರಲ್ಲಿಯೋ ಅದರೊಳಗೆ ಕೊಬ್ಬು ಸೇರಿ ಅದು ಊದಿ ಭಾರವಾಗಿರುತ್ತದೆ. ಎತ್ತಿದರೆ ಸುಲಭವಾಗಿ ಏಳದು. ಒತ್ತಿದರೆ ಹರಿದು ರಕ್ತ ಸುರಿಯುವ ಭಯವಿದೆ. ಅದರ ಹಿಂದೆ ಅಡಗಿರುವ ಜಠರದ ಮೇಲ್ತುದಿಯು ಕಾಣುವುದೇ ಇಲ್ಲ. ಅಂತಹ ಪ್ರಸಂಗಗಳಲ್ಲಿ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊಟ್ಟೆಯನ್ನು ಹೊಲಿದು ಹಿಂದಕ್ಕೆ ಕಳುಹಿಸಬೇಕಾದೀತು, ಇಲ್ಲವೆ ಸಣ್ಣ ರಂಧ್ರಗಳನ್ನು ಬಿಟ್ಟು ದೊಡ್ಡ ಸೀಳನ್ನೇ ಮಾಡಬೇಕಾದೀತು.

ಹೀಗಿರಲು, ಕೊಬ್ಬು ತುಂಬಿದ ಯಕೃತ್ತನ್ನು ಕುಗ್ಗಿಸುವ ಬಗೆ ಹೇಗೆ? ಅದಕ್ಕೆ ಔಷಧವನ್ನು ಹುಡುಕಬೇಕಾಗಿಲ್ಲ, ತಟ್ಟೆಯನ್ನು ತಿದ್ದಿದರೆ ಸಾಕು. ಇಂಗ್ಲಿಷಿನಲ್ಲಿ ಕಾರ್ಬೋಹೈಡ್ರೇಟೆಂದು ಕರೆಯುವ ಪದಾರ್ಥವನ್ನು ಈ ಲೇಖನದಲ್ಲಿ ನಾವು ಪಿಷ್ಟವೆಂದು ಕರೆಯುವೆವು. ಸಕ್ಕರೆ ಬೆಲ್ಲಗಳೂ ಇದರಲ್ಲಿ ಸೇರಿದುವೆಂದು ವಾಚಕರು ತಿಳಿಯಬೇಕು. ನಾವು ತಿಂದ ಪಿಷ್ಟವು ಸಕ್ಕರೆಯಾಗಿ ರಕ್ತಕ್ಕೆ ಸೇರಿ, ಮಿಕ್ಕುದರಲ್ಲಿ ಒಂದು ಪಾಲು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ದಾಸ್ತಾನಾಗುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಈ ದಾಸ್ತಾನು ಒಣಗಿದ್ದಲ್ಲ, ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅದೂ ತುಂಬಿದ ಮೇಲೆ ಬರುವ ಸಕ್ಕರೆಯನ್ನು ಯಕೃತ್ತು ಕೊಬ್ಬನ್ನಾಗಿ ಮಾಡಿ ಇಡುತ್ತದೆ. ಪಿಷ್ಟವನ್ನು ನಿಲ್ಲಿಸಿದರೆ ಮೊದಲು ಗ್ಲೈಕೋಜನ್ನೂ ನೀರೂ ಖರ್ಚಾಗುವುವು, ಅನಂತರ ಯಕೃತ್ತು ತನ್ನೊಳಗಿನ ಕೊಬ್ಬಿಗೆ ಕೈಹಾಕುವುದು. ಹೊಟ್ಟೆಯ ಹೊರಗಿನ ಬೊಜ್ಜು ಇನ್ನೂ ಇದ್ದಂತೆಯೇ ಕಾಣುತ್ತಿರುವಾಗ ಯಕೃತ್ತಿನ ಕೊಬ್ಬು ಎಲ್ಲಕ್ಕಿಂತ ಮುಂಚೆ ಕರಗುವುದೆಂಬುದೇ ಇಲ್ಲಿನ ಸೋಜಿಗ. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ 32 ಮಂದಿಯನ್ನು ಹನ್ನೆರಡು ವಾರ ಅತ್ಯಲ್ಪಾಹಾರದಲ್ಲಿಟ್ಟು ಅಳೆದು 2006ರಲ್ಲಿ ಪ್ರಕಟಿಸಿದ ಫಲವು ಹೀಗಿದೆ: ಯಕೃತ್ತಿನ ಗಾತ್ರವು ಸರಾಸರಿ ನೂರಕ್ಕೆ 19ರಷ್ಟು ಕುಗ್ಗಿತು. ಆ ಕುಗ್ಗುವಿಕೆಯಲ್ಲಿ ನೂರಕ್ಕೆ 80 ಪಾಲು ಮೊದಲ ಎರಡು ವಾರಗಳಲ್ಲಿಯೇ ಆಗಿಹೋಗಿತ್ತು. ವೈದ್ಯರು ಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ವಾರವೆಂದು ಏಕಿರುತ್ತದೆಂಬುದು ಇದರಿಂದ ವಿಶದವಾಗುವುದು.

ಪಿಷ್ಟವನ್ನು ಬಿಟ್ಟು ತೂಕವಿಳಿಸುವ ಯುಕ್ತಿಯು ಹೊಸದೇನೂ ಅಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವ ವೃತ್ತಿಯ ವಿಲಿಯಮ್ ಬ್ಯಾಂಟಿಂಗ್ ಎಂಬ ಗೃಹಸ್ಥನು ತನ್ನ ಬೂಟಿನ ದಾರವನ್ನು ಬಗ್ಗಿ ಕಟ್ಟಿಕೊಳ್ಳಲಾರದಷ್ಟು ದಪ್ಪವಾಗಿದ್ದನು. ಕಿವಿ ಮಂದವಾಯಿತೆಂದು ವಿಲಿಯಮ್ ಹಾರ್ವಿ ಎಂಬ ವೈದ್ಯನ ಬಳಿಗೆ ಹೋದಾಗ, ಆತನು ರೊಟ್ಟಿ, ಸಕ್ಕರೆ, ಬೀರು, ಆಲೂಗಡ್ಡೆಗಳನ್ನು ಬಿಡಿಸಿದನು. ಬ್ಯಾಂಟಿಂಗನು ಇಳಿದ ಬಗೆಯನ್ನು 1863ರಲ್ಲಿ ಸ್ಥೂಲತೆಯ ಮೇಲಿನ ಒಂದು ಪತ್ರವೆಂಬ ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿದನು. ಅದು ಎಷ್ಟು ಪ್ರಸಿದ್ಧವಾಯಿತೆಂದರೆ ಸ್ವೀಡನ್ನಿನ ಭಾಷೆಯಲ್ಲಿ ತೂಕವಿಳಿಸುವುದಕ್ಕೆ ಇಂದಿಗೂ ಆತನ ಹೆಸರಿನಿಂದ ಹುಟ್ಟಿದ ಕ್ರಿಯಾಪದವೇ ಬಳಕೆಯಲ್ಲಿದೆ. (ಇನ್ಸುಲಿನ್ನನ್ನು ಕಂಡುಹಿಡಿದ ಬ್ಯಾಂಟಿಂಗರು ಬೇರೆ.) ಹಾರ್ವಿಗೆ ಈ ಆಲೋಚನೆ ಬಂದದ್ದು ಪ್ಯಾರಿಸ್ಸಿನಲ್ಲಿ ಕ್ಲೋದ್ ಬರ್ನಾರರು ಯಕೃತ್ತು ಮತ್ತು ಸಕ್ಕರೆಯ ವಿಷಯವಾಗಿ ಮಾಡಿದ ಉಪನ್ಯಾಸಗಳಿಂದ. ಎಂದರೆ ಈ ಪಥ್ಯಕ್ಕೂ ಯಕೃತ್ತಿಗೂ ಇರುವ ನಂಟು ಮೊದಲಿನಿಂದಲೂ ಇದ್ದುದೇ. ನಮ್ಮ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲನ ಚಿಕಿತ್ಸೆಯನ್ನೂ ಹೇಳಿದೆ. ಹೊಟ್ಟೆಗೆ ಭಾರವಾಗಿದ್ದೂ ದೇಹವನ್ನು ತುಂಬಿಸದ ಆಹಾರವನ್ನು ಕೊಡಬೇಕೆಂಬುದು ಅಲ್ಲಿನ ಸೂತ್ರ. ಮಜ್ಜಿಗೆ, ಹುರುಳಿ, ಹೆಸರು ಅಲ್ಲಿ ಹೇಳಿದ ಪಥ್ಯದಲ್ಲಿ ಸೇರಿವೆ.

ಈಗ ಭೀಮರಾಯನಗುಡಿಗೆ ಹಿಂತಿರುಗೋಣ. ದವಾಖಾನೆಯಲ್ಲಿ ಕೊಟ್ಟ ಚೀಟಿಯನ್ನು ಯಜಮಾನರು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದರು. ಅನ್ನವಿಲ್ಲ, ಸರಿ. ಚಪಾತಿಯಿಲ್ಲ, ಆಗಲಿ. ಸಕ್ಕರೆ ಬೆಲ್ಲಗಳಿಲ್ಲ, ಅದು ತಿಳಿದದ್ದೇ. ರೊಟ್ಟಿಯೂ ಇಲ್ಲವೆಂದು ಬಂದಾಗ ಅತ್ತೆಯವರು ಕೈಯಲ್ಲಿದ್ದ ಮರವನ್ನು ಕೆಳಗಿಟ್ಟರು. “ಅನ್ನ ಬಿಡು ಅಂದ್ರ ಬಿಡಬಹುದು. ರೊಟ್ಟಿ ಬಿಟ್ಟು ಏನ್ ತಿನ್ನೂದು?”

ಅವರ ಪ್ರಶ್ನೆಯನ್ನು ನಕ್ಕು ತಳ್ಳುವಂತಿಲ್ಲ. ಜೋಳವೇ ಆ ಸೀಮೆಯ ಜೀವ. ಬಸವಸಾಗರವೆಂಬ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು, ಎಡದಂಡೆಯ ಕಾಲುವೆಯ ನೀರು ಶಹಾಪುರ ಸುರಪುರಗಳ ಕಪ್ಪು ನೆಲಕ್ಕೆ ಹರಿದ ಮೇಲೆ, ಹಗುರ ನೀರಾವರಿಯ ಬೆಳೆಗಳಿಗೆಂದು ಯೋಜಿಸಿದ ಹೊಲಗಳಲ್ಲಿ ಭತ್ತವೂ ಬಂದಿತು. ಜೋಳದ ಮನೆಗಳಲ್ಲಿ ಎರಡು ಹೊತ್ತು ಅನ್ನವು ಬೇಯತೊಡಗಿದ್ದು ಅಲ್ಲಿಂದೀಚೆಗೆ. ಹಿರಿಯರು ಬೊಜ್ಜಿಗೂ ಸಕ್ಕರೆ ರೋಗಕ್ಕೂ ಅನ್ನವನ್ನೇ ದೂರುವರು. ರೊಟ್ಟಿಯನ್ನು ಹೊಗಳುವರು. ನಾವೂ ಹೊಗಳುವವರೇ. ಜೋಳದಲ್ಲಿ ನಾರು ನೂರಕ್ಕೆ ಸುಮಾರು 10 ಇದೆ, ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ಸಸಾರಜನಕವೂ ಜೋಳದಲ್ಲಿಯೇ ಹೆಚ್ಚು. ನಿತ್ಯದ ಊಟಕ್ಕೆ ಅನ್ನಕ್ಕಿಂತ ರೊಟ್ಟಿ ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ ಪಿಷ್ಟದ ಲೆಕ್ಕವನ್ನು ನೋಡಿ: ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ. ರೊಟ್ಟಿಯೊಂದಕ್ಕೆ 60 ಗ್ರಾಂ ಹಿಟ್ಟು ಹಿಡಿಯುವುದೆಂದು ಇಟ್ಟುಕೊಂಡರೆ ಅದರಲ್ಲಿ ಪಿಷ್ಟವೇ 40 ಗ್ರಾಂ ಆಯಿತು. ಚೀಟಿಯಲ್ಲಿ ಇಡೀ ದಿನಕ್ಕೆ ಅನುಮತಿಸಿದ್ದು 50 ಗ್ರಾಂ. ಒಳ್ಳೆಯ ಧಾನ್ಯವೆಂಬುದು ಬೇರೆ, ಪಿಷ್ಟ ಕಡಿಮೆಯ ಧಾನ್ಯವೆಂಬುದು ಬೇರೆ. ಈ ಭೇದವನ್ನು ಅರಿಯದೆ ಅನ್ನವನ್ನು ಬಿಟ್ಟು ರೊಟ್ಟಿಯನ್ನು ಎರಡರಷ್ಟು ತಿಂದು, ಪಥ್ಯ ನಡೆಸಿದೆವೆಂದು ನಂಬಿಕೊಂಡವರನ್ನು ನಾವು ಬಲ್ಲೆವು. ಸಜ್ಜೆ, ನವಣೆ, ಗೋಧಿಗಳ ಸಂಗತಿಯೂ ಹೆಚ್ಚುಕಡಿಮೆ ಹೀಗೆಯೇ.

ಯಜಮಾನರು ಲೆಕ್ಕಪತ್ರದ ಕೆಲಸದಲ್ಲಿ ತಲೆ ನರೆತವರು. ಅವರು ಶಹಾಪುರದ ಪೇಟೆಯಿಂದ ಒಂದು ಸಣ್ಣ ತೂಗುವ ಯಂತ್ರವನ್ನು ತಂದು ಒಲೆಯ ಪಕ್ಕದಲ್ಲಿಟ್ಟರು. ಮೊದಲ ದಿನವೇ ಬಯಲಾದ ಸಂಗತಿಯು ರೊಟ್ಟಿಯದಲ್ಲ, ಚಹದ್ದು. ಸೊಸೆಯು ದಿನಕ್ಕೆ ಐದು ಸಲ ಚಹ ಕುಡಿಯುವವಳು. ಒಂದೊಂದಕ್ಕೆ ಎರಡು ಚಮಚ, ಅಂದರೆ ಹತ್ತು ಗ್ರಾಂ ಸಕ್ಕರೆ. ಊಟಕ್ಕೆ ಕುಳಿತುಕೊಳ್ಳದೆಯೇ ದಿನದ 50 ಗ್ರಾಂ ಮುಗಿದುಹೋಗುತ್ತಿತ್ತು! ಸಕ್ಕರೆ ರೋಗದವಳು ಅಷ್ಟು ಸಿಹಿ ಕುಡಿಯುತ್ತಿದ್ದಳೇ ಎಂದು ವಾಚಕರು ಬೆರಗಾಗಬೇಕಾಗಿಲ್ಲ. ತಮ್ಮ ಮನೆಯ ಚಹದ ಡಬ್ಬಿಯ ಕಡೆಗೆ ಒಮ್ಮೆ ನೋಡಿಕೊಳ್ಳಲಿ.

ಅವರದು ಶಾಕಾಹಾರದ ಮನೆ. ಮೊಟ್ಟೆ, ಕೋಳಿ, ಮೀನುಗಳನ್ನು ತಿನ್ನುವವರಿಗೆ ಈ ಪಥ್ಯವು ಸುಲಭ, ಏಕೆಂದರೆ ಅವುಗಳಲ್ಲಿ ಪಿಷ್ಟವು ಇಲ್ಲವೆನ್ನುವಷ್ಟು ಸ್ವಲ್ಪ, ಸಸಾರಜನಕವು ಯಥೇಷ್ಟ. ಶಾಕಾಹಾರಿಗಳಿಗೆ ಬೇಳೆಯೇ ಆಧಾರವೆಂದು ನಾವೆಲ್ಲ ತಿಳಿದಿರುವೆವು. ಆದರೆ ತೊಗರಿಬೇಳೆಯಲ್ಲಿ ಸಸಾರಜನಕವು ನೂರಕ್ಕೆ 22ರಷ್ಟಿದ್ದರೆ ಪಿಷ್ಟವು 55ರಷ್ಟಿದೆ. ಆದುದರಿಂದ ಬೇಳೆಯನ್ನು ದಿನಕ್ಕೆ ಒಂದು ಹಿಡಿ, 30 ಗ್ರಾಂ ಮಾತ್ರ ತೂಗಿ ಹಾಕುತ್ತಿದ್ದರು. ಉಳಿದ ಸಸಾರಜನಕವನ್ನು ಮೊಸರು, ಮನೆಯಲ್ಲಿ ಹಾಲು ಒಡೆಸಿ ಮಾಡಿದ ಪನೀರು, ಒಂದಿಷ್ಟು ಶೇಂಗಾ, ಚೀಟಿಯಲ್ಲಿ ಬರೆದಿದ್ದ ಸಸಾರಜನಕದ ಪುಡಿ ಇವುಗಳಿಂದ ಹೊಂದಿಸಿದರು. ದಿನಕ್ಕೆ 60 ಗ್ರಾಂ ಮುಟ್ಟಿಸಬೇಕೆಂದು ಕಟ್ಟಪ್ಪಣೆಯಿತ್ತು. ಕಡಿಮೆಯಾದರೆ ದೇಹವು ಕೊಬ್ಬಿನೊಡನೆ ತನ್ನ ಸ್ನಾಯುಗಳನ್ನೂ ಸುಡತೊಡಗುವುದು.

ಅತ್ತೆಯವರ ಪಾಕಜ್ಞಾನವು ಬೆಳಗಿದ್ದು ಪಲ್ಯಗಳಲ್ಲಿ. ಪುಂಡಿಪಲ್ಯಕ್ಕೆ ಅಲ್ಲಿ ಜೋಳದ ನುಚ್ಚು ಹಾಕುವ ವಾಡಿಕೆ. ಅವರು ನುಚ್ಚನ್ನು ಬಿಟ್ಟು, ಆ ಒಂದು ಹಿಡಿ ಬೇಳೆಯನ್ನೇ ಅದರಲ್ಲಿ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರು. ಬದನೆಯ ಎಣ್ಣೆಗಾಯಿಗೆ ಬೆಲ್ಲವನ್ನು ಹಾಕದೆ ಗುರೆಳ್ಳಿನ ಪುಡಿಯನ್ನು ಹೆಚ್ಚಿಗೆ ತುಂಬಿದರು. ಹಿರೇಕಾಯಿ, ಮೆಂತ್ಯ, ರಾಜಗಿರಿ, ಸೌತೆಕಾಯಿ ಇವು ಸರದಿಯಂತೆ ಬಂದವು. ಆಲೂಗಡ್ಡೆ, ಗೆಣಸು, ಬಾಳೆಹಣ್ಣುಗಳಿಗೆ ಅಡಿಗೆಮನೆಯಲ್ಲಿ ಪ್ರವೇಶವಿರಲಿಲ್ಲ. ಎಣ್ಣೆಯನ್ನೂ ದಿನಕ್ಕೆ ಎರಡು ಸಣ್ಣ ಚಮಚಕ್ಕೆ ಮಿತಿಗೊಳಿಸಿದ್ದರು. ಪಿಷ್ಟವನ್ನು ಬಿಟ್ಟವರು ಬೆಣ್ಣೆ ತುಪ್ಪಗಳನ್ನು ಬೇಕಾದಷ್ಟು ತಿನ್ನಬಹುದೆಂದು ಈಚೆಗೆ ಹಬ್ಬಿರುವ ಮಾತು ಈ ಪಥ್ಯಕ್ಕೆ ಸಲ್ಲದು. ಇಲ್ಲಿ ಒಟ್ಟು ಆಹಾರವೇ ದಿನಕ್ಕೆ ಸಾವಿರ ಕ್ಯಾಲೊರಿಯ ಒಳಗಿರಬೇಕು.

ಮೂರು ದಿನಗಳು ಹೀಗೆ ಸಾಗಿದವು. ನಾಲ್ಕನೆಯ ರಾತ್ರಿ ನಡೆದುದನ್ನು ಬರೆಯುವುದಕ್ಕಾಗಿಯೇ ನಾವು ಈ ಲೇಖನಕ್ಕೆ ಕೈಹಾಕಿದೆವೆಂದರೂ ತಪ್ಪಲ್ಲ.

ಬೆಳಗಿನ ಜಾವ ಮೂರು ಗಂಟೆಯ ಸುಮಾರಿಗೆ ಸೊಸೆಯು ಎದ್ದು ಕುಳಿತಳು. ಸೀರೆಯು ಬೆವರಿನಿಂದ ತೊಯ್ದಿತ್ತು. ಕೈಗಳು ನಡುಗುತ್ತಿದ್ದವು. ಮಾತು ಅಡ್ಡಾದಿಡ್ಡಿಯಾಗಿತ್ತು. ಮಗನನ್ನು ಅವನ ಹೆಸರಿನಿಂದ ಕರೆಯದೆ ತನ್ನ ತಮ್ಮನ ಹೆಸರಿನಿಂದ ಕರೆದಳು. ಯಜಮಾನರು ಬೆರಳಿನ ರಕ್ತವನ್ನು ಯಂತ್ರಕ್ಕೆ ಹಾಕಿ ನೋಡಿದರೆ ಸಕ್ಕರೆಯು 52! ಎಪ್ಪತ್ತಕ್ಕಿಂತ ಕೆಳಗಿಳಿಯುವುದೇ ಅಪಾಯದ ಗುರುತು. ಆಗ ಆದುದನ್ನು ಕೇಳಿ: ಅತ್ತೆಯವರು ಸಕ್ಕರೆಯ ಡಬ್ಬಿಯನ್ನು ಕೈಗೆತ್ತಿಕೊಂಡು ತಡೆದು ನಿಂತರು. ಚೀಟಿಯಲ್ಲಿ ಸಕ್ಕರೆಯು ವರ್ಜ್ಯವೆಂದು ಬರೆದಿದೆ, ಕೊಟ್ಟರೆ ಪಥ್ಯವು ಕೆಟ್ಟು ಶಸ್ತ್ರಕ್ರಿಯೆಯು ತಪ್ಪೀತೆಂಬ ಭಯ ಅವರಿಗೆ. ಪುಣ್ಯಕ್ಕೆ ಮಗನು ಕಾಲೇಜು ಓದುತ್ತಿದ್ದವನು. ಅವನು ಅಜ್ಜಿಯ ಕೈಯಿಂದ ಡಬ್ಬಿಯನ್ನು ತೆಗೆದುಕೊಂಡು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದನು. ಹದಿನೈದು ನಿಮಿಷಗಳ ಮೇಲೆ ಮತ್ತೆ ಅಳೆದಾಗ ಅಂಕಿಯು 78ಕ್ಕೆ ಬಂದಿತ್ತು.

ತಪ್ಪು ಯಾರದು? ಸೊಸೆಯು ಸಕ್ಕರೆ ರೋಗಕ್ಕೆ ರಾತ್ರಿ ಇನ್ಸುಲಿನ್ನನ್ನು ಚುಚ್ಚಿಕೊಳ್ಳುತ್ತಿದ್ದಳು, ಗ್ಲಿಮೆಪಿರೈಡ್ ಎಂಬ ಮಾತ್ರೆಯನ್ನೂ ನುಂಗುತ್ತಿದ್ದಳು. ಎರಡೂ ರಕ್ತದ ಸಕ್ಕರೆಯನ್ನು ಒತ್ತಿ ಇಳಿಸುವಂಥವು. ನಾಲ್ಕು ರೊಟ್ಟಿ, ಎರಡು ಸಲ ಅನ್ನ, ಐದು ಚಹಗಳಿಗೆ ಸರಿಯಾಗಿ ಗೊತ್ತುಮಾಡಿದ ಪ್ರಮಾಣವನ್ನು, ಅವೆಲ್ಲವನ್ನೂ ಬಿಟ್ಟ ಮೇಲೆಯೂ ಹಾಗೆಯೇ ಮುಂದುವರಿಸಿದ್ದರು. ಪಥ್ಯವನ್ನಾರಂಭಿಸುವ ಮೊದಲು ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ ಪ್ರಮಾಣವನ್ನು ಬದಲಾಯಿಸಿಕೊಳ್ಳತಕ್ಕದ್ದೆಂದು ಚೀಟಿಯ ಕೆಳಗೆ ಬರೆದೇ ಇತ್ತು. ಆದರೆ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ. ತಿನ್ನುವ ತಿನ್ನದ ಪದಾರ್ಥಗಳ ಪಟ್ಟಿಯನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಿದ್ದರು. ಕೆಳಗಿನ ಸಾಲನ್ನು ಒಬ್ಬರೂ ಓದಿರಲಿಲ್ಲ. ಬೆಳಗಾದೊಡನೆ ಫೋನು ಮಾಡಿದಾಗ ವೈದ್ಯರು ಮಾತ್ರೆಯನ್ನು ನಿಲ್ಲಿಸಿ ಇನ್ಸುಲಿನ್ನನ್ನು ಅರ್ಧಕ್ಕಿಳಿಸಿದರು, ದಿನಕ್ಕೆ ನಾಲ್ಕು ಸಲ ರಕ್ತವನ್ನು ನೋಡಿಕೊಳ್ಳಲು ಹೇಳಿದರು.

ಸಕ್ಕರೆಯು ಹೀಗೆ ಕುಸಿದಾಗ ಪಥ್ಯದ ಮಾತೇ ಇಲ್ಲ. ರೋಗಿಗೆ ಎಚ್ಚರವಿದ್ದು ನುಂಗುವ ಶಕ್ತಿಯಿದ್ದರೆ ಸಕ್ಕರೆಯನ್ನು ಕೊಡಲೇಬೇಕು. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿದೀತು. ಅಂಥವರನ್ನು ಒಡನೆ ದವಾಖಾನೆಗೆ ಒಯ್ಯಬೇಕು.

ಇನ್ನೊಂದು ವರ್ಗದ ಮಾತ್ರೆಗಳ ವಿಷಯವನ್ನು ಇಲ್ಲಿಯೇ ಹೇಳುವುದು ಅವಶ್ಯ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ, ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆಗಳು ಈಗ ಸುಲಭ ಬೆಲೆಗೆ ದೊರೆತು ಮನೆ ಮನೆಯಲ್ಲಿಯೂ ಇವೆ. ಇವನ್ನು ನುಂಗುತ್ತ ಪಿಷ್ಟವನ್ನು ಬಿಟ್ಟರೆ ರಕ್ತದಲ್ಲಿ ಆಮ್ಲವು ಸೇರುವ ಭಯಂಕರ ಸ್ಥಿತಿಯುಂಟಾಗಬಹುದು. ಮೋಸವೇನೆಂದರೆ ಆಗ ಸಕ್ಕರೆಯ ಅಂಕಿಯು ಅಷ್ಟೇನೂ ಏರಿರುವುದಿಲ್ಲ. ಯಂತ್ರವನ್ನು ನೋಡಿ ಎಲ್ಲವೂ ಸರಿಯಾಗಿದೆಯೆಂದು ಮನೆಯವರು ಸುಮ್ಮನಿರುವರು. ವಾಂತಿ, ಹೊಟ್ಟೆನೋವು, ಏದುಸಿರು ಇವೇ ಅದರ ಸೂಚನೆಗಳು. ಶಸ್ತ್ರಕ್ರಿಯೆಗೆ ಕನಿಷ್ಠ ಮೂರು ದಿನ ಮೊದಲು ಇವನ್ನು ನಿಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ಪಿಷ್ಟ ಬಿಡುವ ಪಥ್ಯವಿದ್ದರೆ ಇನ್ನೂ ಮುಂಚೆಯೇ, ಪಥ್ಯದ ಆರಂಭದಲ್ಲಿಯೇ, ವೈದ್ಯರನ್ನು ಕೇಳಿಕೊಳ್ಳಬೇಕು. ರಕ್ತದೊತ್ತಡದ ಮಾತ್ರೆಗಳನ್ನೂ, ಅದರಲ್ಲಿ ವಿಶೇಷವಾಗಿ ಮೂತ್ರ ಹೆಚ್ಚಿಸುವವನ್ನು, ತೋರಿಸತಕ್ಕದ್ದು. ಗರ್ಭಿಣಿಯರು, ಮೊಲೆಯೂಡುವ ತಾಯಂದಿರು, ಮೂತ್ರಪಿಂಡದ ರೋಗವಿರುವವರು ಇಂತಹ ಪಥ್ಯವನ್ನು ತಾವಾಗಿ ಹಿಡಿಯಲೇಬಾರದು.

ಉಳಿದ ದಿನಗಳಲ್ಲಿ ಹೇಳತಕ್ಕ ಅನಾಹುತವಾಗಲಿಲ್ಲ. ಮೊದಲ ವಾರದಲ್ಲಿ ತಲೆನೋವು, ಮೈಸೋಲು, ಬಾಯಿಯಲ್ಲಿ ಒಂದು ಬಗೆಯ ವಾಸನೆ, ಮಲಬದ್ಧತೆ ಇವು ಬಂದವು. ಗ್ಲೈಕೋಜನ್ನಿನೊಡನೆ ನೀರೂ ಉಪ್ಪೂ ಹೊರಟುಹೋಗುವುದರಿಂದ ಹೀಗಾಗುವುದುಂಟು. ದಿನಕ್ಕೆ ಎರಡೂವರೆ ಲೀಟರು ನೀರು, ನಡುವೆ ಉಪ್ಪು ಜೀರಿಗೆ ಹಾಕಿದ ನೀರುಮಜ್ಜಿಗೆಯಿಂದ ಸರಿಹೋಯಿತು. ದೊಡ್ಡ ಪರೀಕ್ಷೆಯಾದದ್ದು ಹೊರಗಿನಿಂದ. ಆ ಹದಿನಾಲ್ಕು ದಿನಗಳು ಸರಿಯಾಗಿ ಪಕ್ಷಮಾಸದಲ್ಲಿ ಬಿದ್ದಿದ್ದವು. ಇವತ್ತು ಈ ಮನೆಯಲ್ಲಿ ಹಿರಿಯರ ತಿಥಿ, ನಾಳೆ ಆ ಮನೆಯಲ್ಲಿ. ಕರೆ ಬಂದಲ್ಲಿ ಹೋಗದಿದ್ದರೆ ಮನಸ್ತಾಪ, ಹೋದರೆ ವಡೆ ಪಾಯಸ. ಅತ್ತೆಯವರು ತಾವೇ ಹೋಗಿ, ಸೊಸೆಗೆ ಕಟ್ಟಿಕೊಟ್ಟ ಬುತ್ತಿಯನ್ನು ದಾರಿಯಲ್ಲಿ ಯಾರಿಗಾದರೂ ಕೊಟ್ಟು ಬರುತ್ತಿದ್ದರು. ರೊಟ್ಟಿಯ ಬಗ್ಗೆ ಮೊದಲು ವಾದ ಹೂಡಿದವರು ಅವರೇ. ಎಂಟನೆಯ ದಿನದಿಂದ ಮನೆಯವರೆಲ್ಲರ ರೊಟ್ಟಿಯನ್ನು ಬೆಳಿಗ್ಗೆಯೇ ಬಡಿದು ಮುಗಿಸಿ, ಸೊಸೆಯು ಉಣ್ಣುವ ಹೊತ್ತಿಗೆ ಸುಟ್ಟ ರೊಟ್ಟಿಯ ವಾಸನೆಯು ಮನೆಯಲ್ಲಿಲ್ಲದಂತೆ ನೋಡಿಕೊಂಡವರೂ ಅವರೇ.

ಹದಿನಾಲ್ಕನೆಯ ದಿನ ತೂಕವು 93 ಕಿಲೊ. ಐದು ಕಿಲೊ ಇಳಿದದ್ದನ್ನು ಕಂಡು, ನೆರೆಮನೆಯ ಇಬ್ಬರು ತಾವೂ ಆ ಚೀಟಿಯ ನಕಲನ್ನು ಬೇಡಿದರು. ಶಸ್ತ್ರಕ್ರಿಯೆಯೇ ಬೇಡ, ಇದನ್ನೇ ಮುಂದುವರಿಸಿದರಾಯಿತೆಂದು ಸೊಸೆಯ ತಮ್ಮನು ವಾದಿಸಿದನು. ಇಲ್ಲಿ ಎರಡು ಮಾತುಗಳನ್ನು ಹೇಳಬೇಕು. ಐದು ಕಿಲೊದಲ್ಲಿ ಒಳ್ಳೆಯ ಪಾಲು ನೀರೇ, ಪಿಷ್ಟವನ್ನು ಮತ್ತೆ ತಿಂದ ವಾರದೊಳಗೆ ಅದು ತಿರುಗಿ ಬರುವುದು. ಈ ಎರಡು ವಾರಗಳ ಕಟ್ಟುಪಥ್ಯವು ಶಸ್ತ್ರವೈದ್ಯನಿಗೆ ದಾರಿ ಬಿಡಿಸಿಕೊಡುವುದಕ್ಕಾಗಿ ಇರುವುದು. ಅದರಿಂದಲೇ ಮುಂದೆ ಹೆಚ್ಚು ತೂಕವಿಳಿಯುವುದೆಂಬುದಕ್ಕೆ ದೃಢವಾದ ಪ್ರಮಾಣವಿಲ್ಲ. ಹಾಗೆಂದು ಆಹಾರದಿಂದ ತೂಕವು ಇಳಿಯದೆಂದು ನಾವು ಹೇಳುವುದಿಲ್ಲ. ಹಲವರಿಗೆ ಹಿತಮಿತವಾದ ಊಟದಿಂದಲೇ ಸಾಕಾಗುವುದು, ಮತ್ತೆ ಕೆಲವರಿಗೆ 2025ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ಟಿರ್ಜೆಪಟೈಡಿನಂತಹ ಚುಚ್ಚುಮದ್ದುಗಳಿಂದ ಉಪಯೋಗವಾಗುವುದು. ಈ ಸೊಸೆಯಾದರೋ ಹತ್ತು ವರ್ಷಗಳಲ್ಲಿ ಐದಾರು ಸಲ ಇಳಿದು, ಪ್ರತಿಸಲವೂ ಇಳಿದದ್ದಕ್ಕಿಂತ ಹೆಚ್ಚು ಏರಿದ್ದವಳು. ತಮ್ಮನ ವಾದಕ್ಕೆ ಅವಳು ಉತ್ತರವನ್ನೇ ಕೊಡದೆ ಪೆಟ್ಟಿಗೆಗೆ ಬಟ್ಟೆಯನ್ನು ತುಂಬಿದಳು.

ಶಸ್ತ್ರಕ್ರಿಯೆಯು ಎರಡು ಗಂಟೆಗಳೊಳಗೆ ಮುಗಿಯಿತು. ಹೊರಗೆ ಬಂದ ವೈದ್ಯರನ್ನು ಯಜಮಾನರು ಕೇಳಿದ ಮೊದಲ ಪ್ರಶ್ನೆಯು ಯಕೃತ್ತಿನದು. ಹಾಲೆಯು ತೊಂದರೆ ಕೊಡದೆ ಮೇಲೆದ್ದಿತೆಂದು ಅವರು ಹೇಳಿದರಂತೆ. ತೂಗುವ ಯಂತ್ರದ ಖರ್ಚು ಬಂದಂತಾಯಿತೆಂದು ಯಜಮಾನರು ನಮಗೆ ಕಾಗದದಲ್ಲಿ ಬರೆದಿದ್ದರು.

ಆಮೇಲಿನ ಕ್ರಮವು ಬೇರೆ. ಮೊದಲು ತಿಳಿನೀರಿನಂಥವು, ಅನಂತರ ಗಂಜಿಯಂತೆ ಅರೆದದ್ದು, ಅನಂತರ ಮೆತ್ತಗಿನದು. ಜೀವಮಾನವಿಡೀ ವಿಟಮಿನ್ನಿನ ಮಾತ್ರೆಗಳು, ಕಾಲಕಾಲಕ್ಕೆ ರಕ್ತಪರೀಕ್ಷೆ. ಇವನ್ನು ಮರೆತರೆ ರಕ್ತಹೀನತೆಯೂ ನರಗಳ ದೌರ್ಬಲ್ಯವೂ ಬರುವ ಭಯವಿದೆ. ಈ ವಿಷಯವೇ ಒಂದು ಪ್ರತ್ಯೇಕ ಲೇಖನಕ್ಕೆ ಸಾಕಾಗುವುದು.

ಎಳ್ಳಮಾವಾಸ್ಯೆಯ ದಿನ ನಾವು ಮತ್ತೆ ಆ ಕಡೆಗೆ ಹೋಗಿದ್ದೆವು. ಆ ಸೀಮೆಯ ವಾಡಿಕೆಯಂತೆ ಮನೆಯವರೆಲ್ಲ ಬುಟ್ಟಿಗಳನ್ನು ಹೊತ್ತು ಹೊಲಕ್ಕೆ ಹೊರಟಿದ್ದರು. ಸೊಸೆಯು ಕಾಲುವೆಯ ಏರಿಯನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದಳು. ತೂಕವು 78ಕ್ಕೆ ಬಂದಿದೆಯೆಂದೂ ಇನ್ಸುಲಿನ್ ನಿಂತಿದೆಯೆಂದೂ ಮಗನು ಹೇಳಿದನು. ಚರಗ ಚೆಲ್ಲಿದ ಮೇಲೆ ಜೋಳದ ಬೆಳೆಯ ನಡುವೆ ಎಲ್ಲರೂ ಊಟಕ್ಕೆ ಕುಳಿತೆವು. ಅತ್ತೆಯವರು ಸೊಸೆಯ ತಟ್ಟೆಗೆ ಎರಡು ಚಮಚ ಭಜ್ಜಿಯನ್ನು ಹಾಕಿ, ಸಜ್ಜೆಯ ರೊಟ್ಟಿಯಲ್ಲಿ ಕಾಲುಭಾಗವನ್ನು ಮುರಿದಿಟ್ಟರು. ಅಷ್ಟನ್ನು ತಿನ್ನಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ಒಂದೊಂದು ತುಣುಕನ್ನೂ ಬಾಯಲ್ಲಿ ಕರಗುವವರೆಗೆ ಅಗಿಯುತ್ತಿದ್ದಳು. ನಡುವೆ ಪಕ್ಕದ ಹೊಲದ ಮುದುಕಿಯು ಹೋಳಿಗೆಯ ಬುಟ್ಟಿಯನ್ನು ತಂದು, “ಇಷ್ಟ ತಿಂದ್ರ ಹ್ಯಾಂಗವ್ವಾ?” ಎಂದು ಉಪಚಾರ ಮಾಡಲು ಬಾಗಿದಳು. ಅತ್ತೆಯವರು ಆ ಬುಟ್ಟಿಯನ್ನು ಕೈಯಿಂದ ಮೆಲ್ಲನೆ ನಮ್ಮ ಕಡೆಗೆ ತಿರುಗಿಸಿದರು.